ಖಾಸಗಿ ರಾಕೆಟ್ ಪರೀಕ್ಷೆಗಳ ಲೈವ್: ಒಡೆಯುವ ಮೊದಲೇ ಶೀಟ್ ಬರೆದಿಡಬೇಕು

ನಾನು ವಾಲ್ವ್‌ಗಳ ಪ್ರೆಶರ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ಹದಿನಾಲ್ಕು ವರ್ಷವಾಯಿತು. ವಾಲ್ವ್ ಒಳಗೆ ನೀರು ತುಂಬಿ, ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟು, ಅದು ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಗೇಜಿನ ಮುಳ್ಳು ನೋಡುತ್ತಾ ನಿಲ್ಲುವುದು ನನ್ನ ದಿನದ ಕೆಲಸ. ಮುಳ್ಳು ಇಳಿಯಬಾರದು. ಒಂದು ಹನಿಯೂ ಜಿನುಗಬಾರದು. ಶುರು ಮಾಡುವ ಮೊದಲು ಒಂದು ಶೀಟ್ ತುಂಬುತ್ತೇವೆ. ಎಷ್ಟು ಒತ್ತಡ, ಎಷ್ಟು ನಿಮಿಷ, ಏನಾದರೆ ಪಾಸ್, ಏನಾದರೆ ಫೇಲ್. ಒತ್ತಡ ಏರಿಸಿದ ಮೇಲೆ ಆ ಶೀಟಿನಲ್ಲಿ ಯಾರೂ ಒಂದಕ್ಷರ ತಿದ್ದುವಂತಿಲ್ಲ.

ಇದನ್ನು ಮೊದಲೇ ಹೇಳಲು ಕಾರಣ ಇದೆ. 2020ರ ಡಿಸೆಂಬರ್‌ನಿಂದ ನಾನು ಖಾಸಗಿ ಕಂಪನಿಗಳ ರಾಕೆಟ್ ಪರೀಕ್ಷೆಗಳ ನೇರ ಪ್ರಸಾರ ನೋಡುತ್ತಿದ್ದೇನೆ. ಜಾಸ್ತಿ ನೋಡಿದ್ದು ಇಲಾನ್ ಮಸ್ಕ್ ಅವರ ಅಮೆರಿಕನ್ ಕಂಪನಿ ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್. ಹೋಟೆಲನ್ನೋ ಫೋನನ್ನೋ ವಿಮರ್ಶೆ ಮಾಡುವ ಹಾಗೆ ಈ ಲೈವ್‌ಗಳನ್ನೂ ಯಾರಾದರೂ ವಿಮರ್ಶೆ ಮಾಡಬೇಕು ಅಂತ ನನಗೆ ತುಂಬಾ ದಿನದಿಂದ ಅನ್ನಿಸುತ್ತಿತ್ತು. ನೋಡಲು ದುಡ್ಡಿಲ್ಲ, ನಿಜ. ಆದರೆ ನಮ್ಮ ಹೊತ್ತು, ನಿದ್ದೆ, ನಂಬಿಕೆ ಎಲ್ಲ ಅದಕ್ಕೆ ಹೋಗುತ್ತದೆ.

ನಾನು ಒಬ್ಬಳೇ ನೋಡುವುದಿಲ್ಲ. ಅಕ್ಕ ಇರುತ್ತಾಳೆ, ಅವಳ ಮಗಳು ಇರುತ್ತಾಳೆ. ಮಗಳಿಗೆ ರಾಕೆಟ್ ಅಂದರೆ ಪ್ರಾಣ. ಅಕ್ಕನಿಗೆ ಒಂದಿಷ್ಟೂ ನಂಬಿಕೆ ಇಲ್ಲ. ಇವರಿಬ್ಬರ ನಡುವೆ ಕೂತು ನೋಡಿದ್ದರಿಂದಲೇ ನನಗೆ ಈ ಲೈವ್‌ಗಳ ಒಳ್ಳೆಯದೂ ಕೊರತೆಯೂ ಕಂಡವು.

ಮೊದಲು ನೋಡಿದ್ದು ಎಸ್‌ಎನ್8 ಅನ್ನುವ ಸ್ಟಾರ್‌ಶಿಪ್ ಪರೀಕ್ಷಾ ಮಾದರಿ. 2020ರ ಡಿಸೆಂಬರ್ 9. ಟೆಕ್ಸಸ್ ಕಡಲ ತೀರದ ಬೋಕಾ ಚೀಕಾದಿಂದ ಉಕ್ಕಿನ ಕೊಳವೆಯೊಂದು ನಿಧಾನವಾಗಿ ಎದ್ದಿತು. ಸುಮಾರು 12.5 ಕಿಲೋಮೀಟರ್ ಏರಿತು. ಮೇಲೆ ಹೋಗಿ ಅಡ್ಡ ಮಲಗಿ, ಹೊಟ್ಟೆ ಕೆಳಗೆ ಮಾಡಿಕೊಂಡು ಬಿದ್ದಿತು. ನೆಲದ ಹತ್ತಿರ ಮತ್ತೆ ನೆಟ್ಟಗಾಯಿತು. ಅಷ್ಟರಲ್ಲಿ ಎಂಜಿನ್ನಿನ ಬೆಂಕಿ ಹಸಿರಾಯಿತು. ಜೋರಾಗಿ ನೆಲಕ್ಕೆ ಬಡಿದು ಸ್ಫೋಟಿಸಿತು. ಇಳಿಯುವಾಗ ಬಳಸುವ ಚಿಕ್ಕ ಇಂಧನ ಟ್ಯಾಂಕಿನಲ್ಲಿ ಒತ್ತಡ ಸಾಲದೆ ಹೋಗಿತ್ತು. ಒತ್ತಡ ಅನ್ನುವ ಮಾತು ಕೇಳಿ ನಾನು ಕುರ್ಚಿಯ ತುದಿಗೆ ಬಂದೆ. ಲೈವ್‌ನಲ್ಲಿ ಮಾತ್ರ ಚಪ್ಪಾಳೆಯೋ ಚಪ್ಪಾಳೆ.

"ಒಡೆದು ಹೋಯ್ತಲ್ಲೇ, ಚಪ್ಪಾಳೆ ಯಾಕೆ?" ಅಂದಳು ಅಕ್ಕ.

"ಅಮ್ಮ, ಅದು ಪರೀಕ್ಷೆ!" ಅಂದಳು ಮಗಳು.

ಐದು ವರ್ಷವಾದರೂ ಇಬ್ಬರೂ ಇದೇ ಎರಡು ಮಾತಿನ ಸುತ್ತ ಇದ್ದಾರೆ. ಇಡೀ ಜಗತ್ತಿನ ಜಗಳವೂ ಇದೇ ಅಲ್ವಾ? ನಾನು ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ಇಬ್ಬರೂ ಅರ್ಧ ಸರಿ. ಒಡೆಯುವವರೆಗೂ ಒತ್ತಡ ಏರಿಸುವ ಪರೀಕ್ಷೆ ನಮ್ಮಲ್ಲೂ ಇದೆ. ಅಲ್ಲಿ ಒಡೆದದ್ದು ಸೋಲಲ್ಲ. ಆದರೆ ಅದು ಒಡೆಯುವ ಪರೀಕ್ಷೆ ಅಂತ ಮೊದಲೇ ಬರೆದಿರಬೇಕು.

ಈಗ ಪ್ರಸಾರದ ಗುಣಕ್ಕೆ ಬರುತ್ತೇನೆ. ಚಿತ್ರದ ವಿಷಯದಲ್ಲಿ ಸ್ಟಾರ್‌ಶಿಪ್ ಲೈವ್‌ಗೆ ಸಾಟಿಯಾದದ್ದನ್ನು ನಾನು ನೋಡಿಲ್ಲ. ಪರದೆಯ ಕೆಳಗೆ ವೇಗ, ಎತ್ತರ, ಆಮ್ಲಜನಕ ಮತ್ತು ಮೀಥೇನ್ ಎಷ್ಟು ಉಳಿದಿದೆ ಅನ್ನುವ ಪಟ್ಟಿ ಇರುತ್ತದೆ. ಎಂಜಿನ್‌ಗಳನ್ನು ಚಿಕ್ಕ ಚಿಕ್ಕ ವೃತ್ತಗಳಲ್ಲಿ ತೋರಿಸುತ್ತಾರೆ. ಉರಿಯುತ್ತಿದ್ದರೆ ಬಿಳಿ, ಆರಿದರೆ ಖಾಲಿ. ಈ ಸಣ್ಣ ವೃತ್ತಗಳು ನಿರೂಪಕರ ಮಾತಿಗಿಂತ ಎಷ್ಟೋ ಪ್ರಾಮಾಣಿಕ. ಪೂರ್ತಿ ಸ್ಟಾರ್‌ಶಿಪ್ ಅಂದರೆ ಎರಡು ಭಾಗ, ಕೆಳಗೆ ಬೂಸ್ಟರ್, ಮೇಲೆ ಹಡಗು. ಈ ಪೂರ್ತಿ ರಾಕೆಟ್ಟಿನ ಏಳನೇ ಹಾರಾಟದಲ್ಲಿ, 2025ರ ಜನವರಿ 16ರಂದು, ಮೇಲಿನ ಹಡಗಿನ ವೃತ್ತಗಳು ಒಂದೊಂದಾಗಿ ಆರತೊಡಗಿದಾಗ, ಯಾರೂ ಏನೂ ಹೇಳುವ ಮೊದಲೇ ಮಗಳು "ಚಿಕ್ಕಮ್ಮ, ಹೋಯ್ತು" ಅಂದಳು. ಸಾಮಾನ್ಯ ಜನರ ಕೈಗೆ ಗೇಜನ್ನೇ ಕೊಟ್ಟ ಹಾಗಿದೆ ಇದು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು, 2024ರ ಜೂನ್ 6ರ ನಾಲ್ಕನೇ ಹಾರಾಟ. ಇದನ್ನು ನೋಡದವರು ದಯವಿಟ್ಟು ಹುಡುಕಿ ನೋಡಿ. ಹಡಗು ವಾತಾವರಣಕ್ಕೆ ಮರಳಿ ಬರುವಾಗ ಸುತ್ತಲಿನ ಗಾಳಿ ಕಾದು ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಬಿಸಿ ಅನಿಲ, ಆಗುತ್ತದೆ. ಹಿಂದೆಲ್ಲ ಆ ಹೊತ್ತಿನಲ್ಲಿ ನೆಲದ ಜೊತೆ ಸಂಪರ್ಕವೇ ಕಡಿದು ಹೋಗುತ್ತಿತ್ತು. ಇಲ್ಲಿ ಹಡಗು ದೊಡ್ಡದು, ಅದರ ಬೆನ್ನಿನ ಕಡೆ ಪ್ಲಾಸ್ಮಾದಲ್ಲಿ ಸಂದು ಉಳಿಯುತ್ತದೆ. ಆ ಸಂದಿನಿಂದ ಮೇಲಿನ ಸ್ಟಾರ್‌ಲಿಂಕ್ ಉಪಗ್ರಹಗಳಿಗೆ ಚಿತ್ರ ಹೋಗುತ್ತದೆ. ಹಾಗಾಗಿ ಒಂದು ರೆಕ್ಕೆ ಕರಗುವುದನ್ನು ನಾವು ಕಣ್ಣಾರೆ ನೋಡಿದೆವು. ಮೊದಲು ಅಂಚು ಕೆಂಪಾಯಿತು. ಆಮೇಲೆ ಕಿಡಿ ಹಾರಿತು. ತುಂಡುಗಳು ಕಿತ್ತುಕೊಂಡು ಹೋದವು. ಕ್ಯಾಮೆರಾದ ಗಾಜು ಬಿರುಕುಬಿಟ್ಟು ಮಸಿ ಹಿಡಿಯಿತು. ಆ ಬಿರುಕಿನ ಆಚೆ ಅರ್ಧ ಸುಟ್ಟ ರೆಕ್ಕೆ ಇನ್ನೂ ಅಲ್ಲಾಡುತ್ತಿತ್ತು. ಹಡಗು ಹಿಂದೂ ಮಹಾಸಾಗರದ ಮೇಲೆ ನೆಟ್ಟಗಾಗಿ ನಿಧಾನವಾಗಿ ನೀರಿಗಿಳಿಯಿತು. ಅಕ್ಕ ಅಷ್ಟು ಹೊತ್ತೂ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡಿದ್ದಳು.

ಕಂಪನಿ ಆ ಹೊತ್ತಿನಲ್ಲಿ ಕ್ಯಾಮೆರಾ ಬದಲಿಸಬಹುದಿತ್ತು. ನಕ್ಷೆ ತೋರಿಸಿ ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. ತಮ್ಮ ವಸ್ತು ಸುಟ್ಟು ಹೋಗುವುದನ್ನು ಲಕ್ಷಾಂತರ ಜನರಿಗೆ ತೋರಿಸುವುದಕ್ಕೆ ಧೈರ್ಯ ಬೇಕು. ಸಂದೇಹ ಪಡುವವರು ಇದನ್ನು ಒಪ್ಪಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಆದರೆ ಸಂದೇಹಕ್ಕೂ ಗಟ್ಟಿ ಕಾರಣಗಳಿವೆ. ಎರಡೂ ಭಾಗ ಸೇರಿದ ಪೂರ್ತಿ ರಾಕೆಟ್ಟಿನ ಮೊದಲ ಹಾರಾಟವನ್ನೇ ತೆಗೆದುಕೊಳ್ಳಿ, 2023ರ ಏಪ್ರಿಲ್ 20ರದ್ದು. 33 ಎಂಜಿನ್‌ಗಳಲ್ಲಿ ಮೂರು ಶುರುವಿನಲ್ಲೇ ಉರಿಯುತ್ತಿರಲಿಲ್ಲ. ಉಳಿದವುಗಳ ಬೆಂಕಿ ಉಡ್ಡಯನ ವೇದಿಕೆಯ ಕೆಳಗಿನ ಕಾಂಕ್ರೀಟನ್ನು ಕಿತ್ತು ಎಸೆಯಿತು. ಸ್ವತಂತ್ರ ವಿಡಿಯೋ ತಂಡವೊಂದರ ಗಾಡಿಗೆ ಒಂದು ತುಂಡು ಬಡಿಯಿತು. ಸುಮಾರು 10 ಕಿಲೋಮೀಟರ್ ಆಚೆಯ ಪೋರ್ಟ್ ಇಸಬೆಲ್ ಊರಿನ ಮೇಲೆ ಮರಳಿನಂಥ ದೂಳು ಬಿತ್ತು. ಪಕ್ಕದ ಉದ್ಯಾನದ 3.5 ಎಕರೆಗೆ ಬೆಂಕಿ ತಗಲಿತು. ಮೇಲೆ ಹೋದ ರಾಕೆಟ್ ಹಿಡಿತ ತಪ್ಪಿ ಪಲ್ಟಿ ಹೊಡೆಯಿತು. ದಾರಿ ತಪ್ಪಿದ ರಾಕೆಟ್ ಜನರ ಮೇಲೆ ಬೀಳದಂತೆ ಅದನ್ನು ಆಕಾಶದಲ್ಲೇ ನಾಶ ಮಾಡುವ ವ್ಯವಸ್ಥೆಗೆ ಆದೇಶ ಹೋದ ಮೇಲೂ ರಾಕೆಟ್ ಒಡೆಯಲು ಸುಮಾರು 40 ಸೆಕೆಂಡ್ ಹಿಡಿಯಿತು.

ಲೈವ್‌ನಲ್ಲಿ ಇದರಲ್ಲಿ ಎಷ್ಟು ಕಂಡಿತು? ನಾಲ್ಕು ನಿಮಿಷದ ಹಾರಾಟ, ಪಲ್ಟಿ, ಸ್ಫೋಟ, ಹರ್ಷೋದ್ಗಾರ ಕಂಡವು. ವೇದಿಕೆಯಿಂದ ಮೇಲೆದ್ದರೆ ಸಾಕು, ಮಿಕ್ಕಿದ್ದೆಲ್ಲ ಹೆಚ್ಚಿನ ಲಾಭ ಅಂತ ನಿರೂಪಕರು ಹೇಳಿದರು. ಈ ಮಾತನ್ನು ಕಂಪನಿ ಹಾರಾಟಕ್ಕೆ ಮೊದಲೂ ಹೇಳಿತ್ತು. ಹಾಗಾಗಿ ಸೋತ ಮೇಲೆ ಹೊಸೆದ ನೆಪ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಆ ನಾಶ ವ್ಯವಸ್ಥೆಯ 40 ಸೆಕೆಂಡ್ ನನಗೆ ನಿದ್ದೆ ಕೊಡಲಿಲ್ಲ. ನಮ್ಮ ಟೆಸ್ಟ್ ಬೆಂಚಿನಲ್ಲೂ ಒಂದು ರಿಲೀಫ್ ವಾಲ್ವ್ ಇದೆ, ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಇಳಿಸುವಂಥದ್ದು. ಬೇರೆ ಏನೇ ಕೈಕೊಟ್ಟರೂ ಅದು ಕೆಲಸ ಮಾಡಲೇಬೇಕು. ರಾಕೆಟ್ ಒಡೆಯಬಹುದು, ಅದು ಪರೀಕ್ಷೆ. ಕಾಪಾಡುವ ವಸ್ತುವನ್ನು ಆ ದಿನ ಪರೀಕ್ಷೆ ಮಾಡುವಂತಿಲ್ಲ. ಅದು ಅವತ್ತಿಗೆ ಪಾಸಾಗಿಯೇ ಬಂದಿರಬೇಕು. ಅಮೆರಿಕದ ವಿಮಾನಯಾನ ಇಲಾಖೆ ತನಿಖೆ ಮುಗಿಸಿ 63 ತಿದ್ದುಪಡಿಗಳನ್ನು ಪಟ್ಟಿ ಮಾಡಿತು. ವೇದಿಕೆಯ ಕೆಳಗೆ ನೀರು ಚಿಮ್ಮುವ ಉಕ್ಕಿನ ಹಾಸು ಬಂತು. ನವೆಂಬರ್ 18ರ ಎರಡನೇ ಹಾರಾಟದಲ್ಲಿ 33 ಎಂಜಿನ್ನೂ ಉರಿದವು, ವೇದಿಕೆ ಉಳಿಯಿತು. ಕಲಿತದ್ದು ಸುಳ್ಳಲ್ಲ.

ಏಳನೇ ಹಾರಾಟದಲ್ಲಿ ಇನ್ನೊಂದು ಕೊರತೆ ಕಂಡಿತು. ಬೂಸ್ಟರ್ ಮರಳಿ ಬಂದು ಗೋಪುರದ ಎರಡು ಉದ್ದ ತೋಳುಗಳ ನಡುವೆ ನಿಂತಿತು. ಎಲ್ಲರೂ ಕುಣಿದರು. ಹಡಗು ಕಳೆದುಹೋಯಿತು ಅಂದರು, ಲೈವ್ ಮುಗಿಯಿತು. ಆಮೇಲೆ ಟರ್ಕ್ಸ್ ಮತ್ತು ಕೈಕೋಸ್ ದ್ವೀಪದ ಜನರ ಫೋನುಗಳಿಂದ ವಿಡಿಯೋ ಬಂದವು. ಸಂಜೆಯ ಆಕಾಶದಲ್ಲಿ ಉರಿಯುವ ತುಂಡುಗಳ ಉದ್ದ ಸಾಲು. ಎಷ್ಟೋ ವಿಮಾನಗಳು ದಾರಿ ಬದಲಿಸಿದವು, ಕೆಲವು ಆಕಾಶದಲ್ಲೇ ಸುತ್ತು ಹೊಡೆದು ಕಾದವು. ಮಗಳು "ಎಷ್ಟು ಚೆನ್ನಾಗಿದೆ" ಅಂದಳು. ಅಕ್ಕ "ಆ ವಿಮಾನದಲ್ಲಿ ನೀನಿದ್ದಿದ್ದರೆ?" ಅಂದಳು. ಮಗಳು ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಲೈವ್ ಕೂಡ ಉತ್ತರ ಕೊಟ್ಟಿರಲಿಲ್ಲ. ಪರೀಕ್ಷೆ ಮುಗಿಯುವುದು ಸಿಗ್ನಲ್ ಹೋದಾಗ ಅಲ್ಲ, ಕೊನೆಯ ತುಂಡು ಕೆಳಗೆ ಬಿದ್ದಾಗ. ಪ್ರಸಾರವೂ ಅಲ್ಲಿಯವರೆಗೆ ಇರಬೇಕು ಅನ್ನುವುದು ನನ್ನ ಬೇಡಿಕೆ.

ಇದಕ್ಕೇ ಸ್ವತಂತ್ರ ಕ್ಯಾಮೆರಾ ತಂಡಗಳ ಲೈವ್ ಕೂಡ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ನಾಸಾಸ್ಪೇಸ್‌ಫ್ಲೈಟ್ ಅಂತ ಒಂದಿದೆ. ಹೆಸರಿನಲ್ಲಿ ನಾಸಾ ಇದ್ದರೂ ಆ ಸಂಸ್ಥೆಗೂ ಇವರಿಗೂ ಸಂಬಂಧ ಇಲ್ಲ. 2021ರ ಮಾರ್ಚ್ 3ರಂದು ಎಸ್‌ಎನ್10 ನೆಲಕ್ಕಿಳಿದು ನಿಂತಿತು. ಕಂಪನಿಯ ಲೈವ್ ಖುಷಿಯಿಂದ ಮುಗಿಯಿತು. ಎಂಟು ನಿಮಿಷದ ಮೇಲೆ ರಾಕೆಟ್ ನಿಂತಲ್ಲೇ ಸ್ಫೋಟಿಸಿತು. ಅದು ಸಿಕ್ಕಿದ್ದು ಸ್ವತಂತ್ರ ಕ್ಯಾಮೆರಾಗಳಿಗೆ. ಅವರು ರಾಕೆಟ್ ಪ್ರೀತಿಸುವವರೇ. ಆದರೂ ಕ್ಯಾಮೆರಾ ಆಫ್ ಮಾಡದೆ ಕಾದರು. ಪ್ರೀತಿ ಮತ್ತು ಅನುಮಾನ ಒಂದೇ ಮನುಷ್ಯನಲ್ಲಿ ಇರಬಹುದು ಅನ್ನುವುದನ್ನು ನಾನು ಅವರಿಂದ ಕಲಿತೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಕೊಡುತ್ತೇನೆ. ಹುಡುಕಿದಾಗ ಮೊದಲು ಸಿಗುವ ಲೈವ್ ನಿಜದ್ದೇ ಆಗಿರುತ್ತದೆ ಅಂತ ಇಲ್ಲ. ಒಮ್ಮೆ ನಾವು ಅರ್ಧ ಗಂಟೆ ನಕಲಿ ಚಾನೆಲ್ ಒಂದನ್ನು ನೋಡಿದ್ದೆವು. ಹಳೆಯ ವಿಡಿಯೋ ಓಡುತ್ತಿತ್ತು. ಕಂಪನಿಯ ಮುಖ್ಯಸ್ಥರ ಹಾಗೆ ಕಾಣುವ ಮುಖ ಬಂದು, ಕ್ರಿಪ್ಟೋ ಹಣ ಕಳಿಸಿ, ಎರಡರಷ್ಟು ವಾಪಸ್ ಕೊಡುತ್ತೇವೆ ಅಂದಿತು. ಮಗಳು ತಕ್ಷಣ ಗುರುತಿಸಿದಳು. ಎಲ್ಲರೂ ಗುರುತಿಸುವುದಿಲ್ಲ. ಕಂಪನಿಯ ವೆಬ್‌ಸೈಟಿಗೆ ನೇರವಾಗಿ ಹೋಗಿ ಅಲ್ಲಿಂದಲೇ ನೋಡಿ.

ಈಗ ನನಗೆ ತುಂಬಾ ಹತ್ತಿರದ ವಿಷಯ. 2025ರ ಜೂನ್ 18ರ ರಾತ್ರಿ, ಹಾರಾಟಕ್ಕಲ್ಲ, ನೆಲದ ಮೇಲಿನ ಎಂಜಿನ್ ಪರೀಕ್ಷೆಗೆ ಇಂಧನ ತುಂಬುವಾಗ ಒಂದು ಸ್ಟಾರ್‌ಶಿಪ್ ಸ್ಫೋಟಿಸಿತು. ಪರೀಕ್ಷಾ ಸ್ಥಳವೇ ಬೆಂಕಿಯ ಉಂಡೆಯಾಯಿತು. ಯಾರಿಗೂ ಗಾಯವಾಗಲಿಲ್ಲ. ಮೂತಿಯ ಭಾಗದಲ್ಲಿದ್ದ ಸಾರಜನಕದ ಒತ್ತಡದ ಸಿಲಿಂಡರ್ ಒಡೆದದ್ದು ಕಾರಣ ಅಂದರು. ಅದು ಪರೀಕ್ಷೆ ಮಾಡಿ ಪಾಸಾದ ಒತ್ತಡಕ್ಕಿಂತ ಕಡಿಮೆ ಒತ್ತಡದಲ್ಲೇ ಒಡೆಯಿತು ಅಂತಲೂ ಮಸ್ಕ್ ಹೇಳಿದರು.

ಈ ಒಂದು ಸಾಲು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾವು ವಾಲ್ವ್‌ಗೆ ನೀರು ಯಾಕೆ ತುಂಬುತ್ತೇವೆ ಗೊತ್ತಾ? ನೀರು ಕುಗ್ಗುವುದಿಲ್ಲ. ಬಾಡಿ ಸೀಳಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ತಟ್ಟನೆ ಇಳಿಯುತ್ತದೆ. ಅನಿಲ ಹಾಗಲ್ಲ. ಅದು ಸ್ಪ್ರಿಂಗ್ ತರಹ ಕುಗ್ಗಿ ಕೂತಿರುತ್ತದೆ. ದಾರಿ ಸಿಕ್ಕರೆ ಅಷ್ಟೂ ಶಕ್ತಿ ಒಮ್ಮೆಲೇ ಹೊರಗೆ. ಒಮ್ಮೆ ಪಾಸಾದದ್ದು ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಒಡೆದರೆ, ಪಾಸಾದ ಮೇಲೆ ಅದಕ್ಕೆ ಏನೋ ಆಗಿದೆ ಅಂತ ಅರ್ಥ. ಬಿದ್ದಿರಬಹುದು, ತಗುಲಿರಬಹುದು, ಸಿಲಿಂಡರಿಗೆ ಸುತ್ತಿದ ಕಾರ್ಬನ್ ಎಳೆ ಒಳಗೆ ಕಡಿದಿರಬಹುದು. ಕಣ್ಣಿಗೆ ಕಾಣದ ಪೆಟ್ಟು ತಿಂದ ವಸ್ತುವೇ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು. ಇಂಥದ್ದನ್ನು ಯಾವ ನಿರೂಪಕರಾದರೂ ಹತ್ತು ನಿಮಿಷ ಕೂತು ವಿವರಿಸಿದರೆ ಸಂದೇಹ ಪಡುವವರೂ ಕಿವಿಗೊಡುತ್ತಾರೆ. ಜನರಿಗೆ ಬೆಂಕಿ ಮಾತ್ರ ಬೇಕು ಅಂದುಕೊಳ್ಳುವುದು ತಪ್ಪು.

ಬೇರೆ ಕಂಪನಿಗಳ ಬಗ್ಗೆ ಸ್ವಲ್ಪ. 2021ರ ಆಗಸ್ಟ್‌ನಲ್ಲಿ ಅಲಾಸ್ಕಾದಿಂದ ಹೊರಟ, ಅಮೆರಿಕದ ಆಸ್ಟ್ರಾ ಕಂಪನಿಯ ರಾಕೆಟ್ಟಿನ ಐದು ಎಂಜಿನ್‌ಗಳಲ್ಲಿ ಒಂದು ಹೊರಟ ಕೂಡಲೇ ನಿಂತಿತು. ರಾಕೆಟ್ ಏರುವ ಬದಲು ನೆಟ್ಟಗೆ ನಿಂತ ಹಾಗೇ ಪಕ್ಕಕ್ಕೆ ಜಾರಿತು. ಇಂಧನ ಉರಿದು ಭಾರ ಕಡಿಮೆಯಾದ ಮೇಲೆ ಏರಿತು. ಮಗಳು ಅದನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಮರುವರ್ಷ ಕಂಪನಿ ಆ ಮಾದರಿಯನ್ನೇ ಕೈಬಿಟ್ಟಿತು. ಉತ್ಸಾಹಿಗಳು ಯಾವಾಗಲೂ ಸ್ಪೇಸ್‌ಎಕ್ಸ್‌ನ ಮೊದಲ ರಾಕೆಟ್ ಫಾಲ್ಕನ್ 1ರ ಕಥೆ ಹೇಳುತ್ತಾರೆ. 2006, 2007, 2008ರಲ್ಲಿ ಮೂರು ಸಲ ಸೋತಿತು, 2008ರ ಸೆಪ್ಟೆಂಬರ್ 28ರಂದು ನಾಲ್ಕನೆಯದು ಕಕ್ಷೆ ಮುಟ್ಟಿತು. ಮೊದಲ ಸೋಲಿಗೆ ಕಾರಣ ಕಡಲ ಗಾಳಿಗೆ ಸವೆದ ಒಂದು ಅಲ್ಯೂಮಿನಿಯಂ ನಟ್, ಅಲ್ಲಿಂದ ಇಂಧನ ಲೀಕ್. ಒಳ್ಳೆಯ ಕಥೆ, ನಾನೂ ಹೊಸಬರಿಗೆ ಹೇಳುತ್ತೇನೆ. ಆದರೆ ಕೈಬಿಟ್ಟ ರಾಕೆಟ್‌ಗಳ ಕಥೆಯನ್ನೂ ಅದರ ಜೊತೆ ಹೇಳಬೇಕು. ಬಿದ್ದವರೆಲ್ಲ ಎದ್ದಿಲ್ಲ.

ಜಪಾನಿನ ಕೈರೋಸ್ ರಾಕೆಟ್ 2024ರ ಮಾರ್ಚ್ 13ರಂದು ಹೊರಟ ಐದೇ ಸೆಕೆಂಡಿಗೆ ತನ್ನನ್ನು ತಾನೇ ಒಡೆದುಕೊಂಡಿತು. ನೋಡಲು ಬಂದಿದ್ದ ಜನ ಸ್ತಬ್ಧರಾಗಿ ನಿಂತಿದ್ದರು. ನಾವು ಸೋಲು ಅನ್ನುವ ಪದ ಬಳಸುವುದಿಲ್ಲ ಅಂತ ಕಂಪನಿಯ ಮುಖ್ಯಸ್ಥರು ಹೇಳಿದರು. ಅಕ್ಕನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಆದರೆ ತನಿಖೆಯ ಫಲಿತಾಂಶ ಕುತೂಹಲದ್ದು. ಎಂಜಿನ್ನಿನ ಬಲ ಅವರು ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ಕಡಿಮೆ ಇತ್ತು. ವೇಗ ಮೊದಲೇ ಬರೆದಿಟ್ಟ ಮಿತಿಗಿಂತ ಕೆಳಗಿಳಿಯಿತು. ತನಗೆ ಹೇಳಿದ ಮಾತನ್ನು ರಾಕೆಟ್ ಪಾಲಿಸಿತು. ಅಲ್ಲಿ ತಪ್ಪಿದ್ದು ಶೀಟಿನಲ್ಲಿ ಬರೆದ ಅಂಕಿ. ಕಾಪಾಡುವ ವ್ಯವಸ್ಥೆ ಮಾತ್ರ ಸರಿಯಾಗಿ ಕೆಲಸ ಮಾಡಿತು. ಬೋಕಾ ಚೀಕಾದ ಆ 40 ಸೆಕೆಂಡ್ ನೆನೆದರೆ, ಈ ಐದು ಸೆಕೆಂಡಿನ ಹಾರಾಟಕ್ಕೆ ನನ್ನ ಮನಸ್ಸಿನಲ್ಲಿ ಗೌರವ ಇದೆ.

ಭಾರತದ ಖಾಸಗಿ ರಾಕೆಟ್‌ಗಳ ಬಗ್ಗೆ ಹೇಳದೆ ಇರಲಾರೆ. 2022ರ ನವೆಂಬರ್ 18ರಂದು ಶ್ರೀಹರಿಕೋಟಾದಿಂದ ಸ್ಕೈರೂಟ್‌ನ ವಿಕ್ರಮ್-ಎಸ್ ಹಾರಿ 89.5 ಕಿಲೋಮೀಟರ್ ಎತ್ತರ ಮುಟ್ಟಿತು. ಲೈವ್‌ನಲ್ಲಿ ನೋಡಿದೆವು. ಕೆಲವೇ ನಿಮಿಷ. ಅಗ್ನಿಕುಲ್ ಕಂಪನಿಯ ಅಗ್ನಿಬಾಣ್ ನಾಲ್ಕು ಸಲ ಮುಂದೂಡಿ 2024ರ ಮೇ 30ರ ಬೆಳಿಗ್ಗೆ ಹಾರಿತು. ಒಂದೇ ತುಂಡಾಗಿ ತ್ರೀಡಿ ಪ್ರಿಂಟ್ ಮಾಡಿದ ಎಂಜಿನ್ ಅದರದ್ದು. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಆ ಬೆಳಿಗ್ಗೆ ನೇರ ಪ್ರಸಾರವೇ ಇರಲಿಲ್ಲ. ಅಷ್ಟು ಸಲ ಮುಂದೂಡಿದ ಮೇಲೆ ಎಲ್ಲರ ಕಣ್ಣೆದುರು ಮತ್ತೆ ನಿಲ್ಲುವ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಬೇಜಾರಾಯಿತು. ಮುಂದೂಡಿದ್ದನ್ನು ನೋಡಿದವರಿಗೆ ಹಾರಿದ್ದನ್ನು ನೋಡುವ ಹಕ್ಕೂ ಇತ್ತು ಅಲ್ವಾ?

ನನ್ನ ಅಂಕ ಹೀಗಿದೆ. ಚಿತ್ರಕ್ಕೆ, ಮಾಹಿತಿ ಪಟ್ಟಿಗೆ 5ಕ್ಕೆ 5. ಒಡೆದ ಮೇಲಿನ ನಡವಳಿಕೆಗೆ 5ಕ್ಕೆ 2. ಹಾರಾಟಕ್ಕೆ ಮೊದಲು ಗುರಿಗಳೇನು ಅಂತ ಸ್ಪೇಸ್‌ಎಕ್ಸ್ ತನ್ನ ವೆಬ್‌ಸೈಟಿನಲ್ಲಿ ಬರೆಯುತ್ತದೆ, ಅದು ಒಳ್ಳೆಯದು. ಆ ಪಟ್ಟಿ ಲೈವ್‌ನ ಪರದೆಯ ಮೇಲೂ ಇರಬೇಕು. ಆದದ್ದಕ್ಕೆ ಗುರುತು, ಆಗದ್ದಕ್ಕೆ ಗೆರೆ, ಎಲ್ಲರ ಎದುರು. 2025ರ ಮೇ 27ರ ಒಂಬತ್ತನೇ ಹಾರಾಟದಲ್ಲಿ ಉಪಗ್ರಹ ಹೊರಬಿಡುವ ಬಾಗಿಲು ತೆರೆಯಲಿಲ್ಲ, ಲೀಕ್ ಆಗಿ ಹಡಗು ತಿರುಗತೊಡಗಿತು. ಅಲ್ಲಿ ಎರಡು ಗೆರೆ ಎಳೆದಿದ್ದರೆ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ.

ಅವರು ಮಾಡುವವರೆಗೆ ನಾವೇ ಮಾಡೋಣ ಅಂತ ಹತ್ತನೇ ಹಾರಾಟಕ್ಕೆ ನಾನು ನಮ್ಮ ಕೆಲಸದ ಶೀಟಿನ ಮಾದರಿಯಲ್ಲೇ ಒಂದು ಹಾಳೆಗೆ ಗೆರೆ ಹೊಡೆದೆ. ಮಗಳು ಕೂತು ಬರೆದಳು. 33 ಎಂಜಿನ್ ಉರಿಯಬೇಕು. ಬಾಗಿಲು ತೆರೆಯಬೇಕು. ಎಂಟು ಡಮ್ಮಿ ಉಪಗ್ರಹ ಹೊರಗೆ ಬರಬೇಕು. ಆಕಾಶದಲ್ಲಿ ಎಂಜಿನ್ ಮತ್ತೆ ಹೊತ್ತಬೇಕು. ನೆಟ್ಟಗೆ ನೀರಿಗಿಳಿಯಬೇಕು. ಕೊನೆಗೆ, ನಾನು ಹೇಳಿದ್ದಕ್ಕೆ, ಇನ್ನೊಂದು ಸಾಲು ಸೇರಿಸಿದಳು. ಮೊದಲ ದಿನ ನೆಲದ ಉಪಕರಣದಲ್ಲಿ ಲೀಕ್, ಮರುದಿನ ಮೋಡ. ಎರಡು ಸಲ ಎದ್ದು ಮತ್ತೆ ಮಲಗಿದೆವು. ಮೂರನೇ ಸಲ, ಅಲ್ಲಿಯ ಲೆಕ್ಕದಲ್ಲಿ ಆಗಸ್ಟ್ 26ರ ಸಂಜೆ, ರಾಕೆಟ್ ಹಾರಿತು.

ಒಂದು ಎಂಜಿನ್ ನಡುವೆ ಆರಿತು. ಮಗಳು ಹಾಳೆಯ ಅಂಚಿನಲ್ಲಿ ಅದನ್ನೂ ಬರೆದಳು. ಬಾಗಿಲು ತೆರೆಯಿತು. ಎಂಟು ಡಮ್ಮಿಗಳು ಒಂದೊಂದಾಗಿ ಜಾರಿ ಹೋದವು, ಅಕ್ಕ ಬಾಯಿಬಿಟ್ಟು ಎಣಿಸಿದಳು. ಮೈಯೆಲ್ಲ ತುಕ್ಕು ಬಣ್ಣಕ್ಕೆ ತಿರುಗಿದ ಹಡಗು, ಹಿಂಭಾಗ ಹರಿದುಕೊಂಡೇ, ಸಮುದ್ರದ ಮೇಲೆ ನೆಟ್ಟಗೆ ನಿಂತಿತು. ನೀರಿಗಿಳಿಯಿತು. ಆಮೇಲೆ ಮಗ್ಗುಲಾಗಿ ಬಿದ್ದು ಸ್ಫೋಟಿಸಿತು.

"ನೋಡು, ಮತ್ತೆ ಒಡೀತು," ಅಂದಳು ಅಕ್ಕ.

ಮಗಳು ಹಾಳೆ ತಿರುಗಿಸಿ ಕೊನೆಯ ಸಾಲು ತೋರಿಸಿದಳು. ನೀರಿಗಿಳಿದು ಬಿದ್ದ ಮೇಲೆ ಒಡೆದರೆ ಲೆಕ್ಕಕ್ಕಿಲ್ಲ ಅಂತ ಇತ್ತು.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಇದನ್ನ ಯಾವಾಗ ಬರೆದಿದ್ದು?"

"ಭಾನುವಾರ," ಅಂದಳು ಮಗಳು.

"ಹಾರೋದಕ್ಕಿಂತ ಮುಂಚೆ?"

"ಮುಂಚೆ."

"ಹಾಗಾದ್ರೆ ಸರಿ," ಅಂದಳು ಅಕ್ಕ. ಪೆನ್ನು ತೆಗೆದುಕೊಂಡು ಆ ಸಾಲಿನ ಮುಂದೆ ತಾನೇ ಗುರುತು ಹಾಕಿದಳು.